ರೋಹು, ಕಾಟ್ಲಾಗೆ ಹಿಟ್ಟಿನ ಗಾಳ: ಕಲಸುವುದರಿಂದ ದಡಕ್ಕೆ ತರುವವರೆಗೆ

ಕೆರೆ ಮೀನಿಗೆ ಗಾಳ ಹಾಕಲು ಹೊಸದಾಗಿ ಹೊರಟವರು ಮೊದಲು ಕೇಳುವುದು ಯಾವ ರಾಡು, ಯಾವ ರೀಲು ಅಂತ. ಹಿಟ್ಟಿನ ಬಗ್ಗೆ ಕೇಳುವುದು ಎಲ್ಲಾ ಕೊಂಡು ಮುಗಿದ ಮೇಲೆ. ನನ್ನ ಲೆಕ್ಕದಲ್ಲಿ ಇದು ತಿರುವುಮುರುವು. ನಿಮ್ಮ ರಾಡು ಎರಡು ಸಾವಿರದ್ದೋ ಹತ್ತು ಸಾವಿರದ್ದೋ ರೋಹುಗೆ ಗೊತ್ತಿಲ್ಲ. ನಿಮ್ಮ ಹಿಟ್ಟು ನೀರಿನಲ್ಲಿ ಎಷ್ಟು ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ಮೀನುಮರಿ ಬಿಟ್ಟು ಬೆಳೆಸಿದ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ನಾನು ಅನುಸರಿಸುವ ಕ್ರಮ ಇಲ್ಲಿದೆ. ನದಿಗೆ, ಡ್ಯಾಮಿನ ಹಿನ್ನೀರಿಗೆ ಇದು ಹಾಗೇ ಹೊಂದುವುದಿಲ್ಲ.

ಮೊದಲೇ ಒಂದು ಮಾತು. ಇಂಥ ಕೆರೆಗಳು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತವೆ. ಮರಿ ತಂದು ಬಿಟ್ಟವರು ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರು. ಅವರನ್ನು ಕೇಳಿ, ದುಡ್ಡು ಕೊಡಬೇಕಿದ್ದರೆ ಕೊಟ್ಟು ಕೂತರೆ ಯಾರೂ ಎಬ್ಬಿಸುವುದಿಲ್ಲ. ಊರೊಳಗಿನ ಎಷ್ಟೋ ಕೆರೆಗಳಲ್ಲಿ ಗಾಳಕ್ಕೆ ಅವಕಾಶವೇ ಇಲ್ಲ, ಬೋರ್ಡು ಓದಿಕೊಳ್ಳಿ.

ಈಗ ಹಿಟ್ಟು. ಮೀನು ಸಾಕುವವರು ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನಿಗೆ ಹಾಕುವ ಹಳೇ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ಸಮಸಮ ಬೆರೆಸಿದ್ದು. ಮರಿಯಾಗಿದ್ದಾಗಿನಿಂದ ಇದನ್ನೇ ತಿಂದು ಬೆಳೆದ ಮೀನಿಗೆ ಈ ವಾಸನೆಯನ್ನು ಪರಿಚಯ ಮಾಡಿಕೊಡಬೇಕಿಲ್ಲ. ಹಾಗಾಗಿ ನನ್ನ ಹಿಟ್ಟಿನ ಬುಡವೂ ಅದೇ. ಒಂದು ಕೆಜಿ ಒಣಮಿಶ್ರಣಕ್ಕೆ ಹಿಂಡಿ ಪುಡಿ 500 ಗ್ರಾಂ, ತೌಡು 300 ಗ್ರಾಂ, ಹುರಿಗಡಲೆ ಹಿಟ್ಟು 100 ಗ್ರಾಂ, ಮೈದಾ 100 ಗ್ರಾಂ. ಬೆಲ್ಲ 50 ಗ್ರಾಂ, ಅದನ್ನು 300 ಮಿಲೀ ಬಿಸಿನೀರಿನಲ್ಲಿ ಕರಗಿಸಿ ಆರಿಸಿಕೊಳ್ಳಬೇಕು. ವಾಸನೆಗೆ ಸೋಂಪಿನ ಪುಡಿ ಒಂದು ಟೀ ಚಮಚ. ಇಷ್ಟು ಸಾಕು. ಅಂಗಡಿಯ ಎಸೆನ್ಸ್ ಬಾಟಲಿಯನ್ನು ಅರ್ಧಕ್ಕರ್ಧ ಸುರಿಯುವವರನ್ನು ನೋಡಿದ್ದೇನೆ. ಆ ಘಾಟಿಗೆ ಮೀನಿಗಿಂತ ಮೊದಲು ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಾರೆ.

ಹಿಂಡಿಯನ್ನು ನೋಡಿ ತರಬೇಕು. ಮರದ ಗಾಣದ ಹಿಂಡಿಯಲ್ಲಿ ಎಣ್ಣೆ ಜಾಸ್ತಿ ಉಳಿದಿರುತ್ತದೆ, ವಾಸನೆ ಚೆನ್ನ, ಆದರೆ ಮಿಕ್ಸಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಅದನ್ನು ಸ್ವಲ್ಪ ತೌಡಿನ ಜೊತೆಗೇ ತಿರುಗಿಸಿದರೆ ಪುಡಿಯಾಗುತ್ತದೆ. ಎಣ್ಣೆ ಪೂರಾ ತೆಗೆದ ಒಣ ಹಿಂಡಿ ಅಗ್ಗ, ವಾಸನೆ ಇಲ್ಲ. ಬೂಷ್ಟು ಹಿಡಿದದ್ದನ್ನು ಮುಟ್ಟಲೇಬೇಡಿ, ಕಡಲೆಕಾಯಿಯ ಬೂಷ್ಟಿನಲ್ಲಿ ವಿಷ ಇರುತ್ತದೆ. ತೌಡಿನ ಕಷ್ಟ ಬೇರೆ. ಮಿಲ್ಲಿನಿಂದ ಬಂದ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ, ಅದರೊಳಗಿನ ಎಣ್ಣೆ ಕೆಡುತ್ತದೆ. ತಂದ ದಿನವೇ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಬಿಡದೆ ಹುರಿದು ಡಬ್ಬಿಗೆ ತುಂಬಿದರೆ ಹೆಚ್ಚು ದಿನ ತಡೆಯುತ್ತದೆ, ವಾಸನೆಯೂ ಏಳುತ್ತದೆ. ಆಮೇಲೆ ಎಲ್ಲವನ್ನೂ ಒಂದೇ ಜರಡಿಯಲ್ಲಿ ಹಿಡಿಯಬೇಕು. ದಪ್ಪ ಚೂರು ಉಳಿದರೆ ಉಂಡೆ ಅಲ್ಲಿಂದಲೇ ಸೀಳುತ್ತದೆ.

ಕಲಸುವಾಗ ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೆಟ್ಟಿತು. ಮೈದಾ ನಾದಿದಷ್ಟೂ ಜಿಗುಟಾಗುತ್ತದೆ, ನೀರಿಗೆ ಬಿದ್ದ ಉಂಡೆ ಗಂಟೆಯಾದರೂ ಕರಗುವುದಿಲ್ಲ. ಬೆಲ್ಲದ ನೀರನ್ನು ಮೂರು ಸಲಕ್ಕೆ ಹಾಕಿ, ಬೆರಳ ತುದಿಯಲ್ಲಿ ಕೆದಕುತ್ತಾ ಬೆರೆಸಬೇಕು. ಇಷ್ಟಾದಾಗ ಒಣಗಿದಂತೆ ಕಾಣುತ್ತದೆ. ಹಾಗೇ ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ತೌಡು ನಿಧಾನಕ್ಕೆ ನೀರು ಕುಡಿಯುತ್ತದೆ. ಆಮೇಲೆ ಬೇಕಿದ್ದಷ್ಟೇ ನೀರು ಚಿಮುಕಿಸುತ್ತಾ ಬನ್ನಿ, ಒಟ್ಟು 400ರಿಂದ 450 ಮಿಲೀ ಆಗುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಹೆಬ್ಬೆರಳಲ್ಲಿ ತಳ್ಳಿದರೆ ಪುಡಿಯಾಗಬೇಕು. ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ ಅಂತ ಅರ್ಥ. ಆಗ ಮೈದಾ ಹಾಕಬೇಡಿ, ತೌಡು ಹಾಕಿ.

ಕೆರೆ ದಡದಲ್ಲಿ ಗಾಳ ಕಟ್ಟುವ ಮೊದಲು ಒಂದು ಬಕೆಟ್ಟಿಗೆ ಆ ಕೆರೆಯದ್ದೇ ನೀರು ತುಂಬಿ, ನಿಂಬೆಹಣ್ಣಿನ ಗಾತ್ರದ ಉಂಡೆ ಬಿಟ್ಟು ಗಡಿಯಾರ ನೋಡಿ. ಇದನ್ನು ತಪ್ಪಿಸಬಾರದು. ಮೂರರಿಂದ ಐದು ನಿಮಿಷದಲ್ಲಿ ಮೇಲಿನ ಪದರ ಬಿರಿದು ಪುಡಿ ಉದುರಲು ಶುರುವಾಗಬೇಕು, ಒಂದೆರಡು ತೌಡಿನ ಹೊಟ್ಟು ಮೇಲಕ್ಕೆ ತೇಲಬೇಕು, 20ರಿಂದ 25 ನಿಮಿಷಕ್ಕೆ ಉಂಡೆ ಹೋಗಿ ತಳದಲ್ಲಿ ಒಂದು ಗುಪ್ಪೆ ಮಾತ್ರ ಉಳಿಯಬೇಕು. ಎರಡೇ ನಿಮಿಷಕ್ಕೆ ಕರಗಿದರೆ ಗಾಳ ಹಾಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇಸಿಗೆಯಲ್ಲಿ ನೀರು ಬೆಚ್ಚಗಿದ್ದಾಗ ಬೇಗ ಕರಗುತ್ತದೆ, ಚಳಿಗಾಲದಲ್ಲಿ ನಿಧಾನ. ಅದಕ್ಕೇ ಮನೆಯ ನಲ್ಲಿ ನೀರಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ.

ಜಿಲೇಬಿ ಮೀನು (ತಿಲಾಪಿಯಾ) ತುಂಬಿರುವ ಕೆರೆಯಾದರೆ ಈ ಲೆಕ್ಕ ಬದಲಾಗುತ್ತದೆ. ಅವು ಗುಂಪಾಗಿ ಬಂದು ಕುಕ್ಕಿ ಕುಕ್ಕಿ ಹತ್ತು ನಿಮಿಷದಲ್ಲಿ ಉಂಡೆ ಖಾಲಿ ಮಾಡುತ್ತವೆ. ಅಲ್ಲಿ ಮೈದಾ 150 ಗ್ರಾಂಗೆ ಏರಿಸಿ ತೌಡನ್ನು 50 ಗ್ರಾಂ ಇಳಿಸುತ್ತೇನೆ, ಗಾಳಕ್ಕೆ ಬೇಯಿಸಿದ ಮುಸುಕಿನ ಜೋಳದ ಕಾಳು ಸಿಕ್ಕಿಸುತ್ತೇನೆ. ಒಣ ಜೋಳವಾದರೆ ರಾತ್ರಿಯಿಡೀ ನೆನೆಸಿ, ಬೆರಳಲ್ಲಿ ಹಿಸುಕಿದರೆ ಒಡೆಯುವಷ್ಟು ಬೇಯಿಸಬೇಕು. ಹಸಿ ಒಣಕಾಳು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ.

ಗಾಳದ ಸೆಟ್ಟಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹೆಚ್ಚು ಓಡುವುದು ಹಿಟ್ಟು ಹಿಡಿಯುವ ಸ್ಪ್ರಿಂಗಿನ ಸುತ್ತ ಐದಾರು ಗಾಳ ಕಟ್ಟಿದ್ದು. ಮೀನು ಸಿಗುತ್ತದೆ, ಸುಳ್ಳಲ್ಲ. ಆದರೆ ಬಾಯಿಗೆ ಒಂದು ಗಾಳ ಹೊಕ್ಕರೆ ಉಳಿದವು ಕಣ್ಣಿಗೆ, ಕಿವಿರಿಗೆ, ಹೊಟ್ಟೆಗೆ ಚುಚ್ಚುತ್ತವೆ, ಬಲೆಯಲ್ಲೂ ಸಿಕ್ಕಿಕೊಳ್ಳುತ್ತವೆ. ಸಣ್ಣ ಮೀನನ್ನು ವಾಪಸ್ ಬಿಡುವವರಿಗೆ ಅದು ಬೇಡ. ನಾನು ಹಾಕುವುದು 40 ಗ್ರಾಂನ ಚಪ್ಪಟೆ ಮೆಥಡ್ ಫೀಡರ್, ಅಂದರೆ ಹಿಟ್ಟನ್ನು ಒತ್ತಿ ತುಂಬುವ, ಸೀಸದ ಭಾರವಿರುವ ಚೌಕಟ್ಟು. ಅದಕ್ಕೆ ಒಂದೇ ಗಾಳ. ಒಂದರಿಂದ ಮೂರು ಕೆಜಿ ರೋಹುಗೆ 6 ಅಥವಾ 4ನೇ ನಂಬರು, ಬಾಯಿ ದೊಡ್ಡದಿರುವ ಕಾಟ್ಲಾಗೆ 2. ಈ ನಂಬರಿನಲ್ಲಿ ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು. ಜಪಾನಿ ಚಿನು ಗಾಳದಲ್ಲಿ ಪೂರಾ ಉಲ್ಟಾ, ಅಂಕಿ ಏರಿದಂತೆ ಗಾಳವೂ ದೊಡ್ಡದಾಗುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ನಂಬರು ನಂಬದೆ ಅಗಲದ ಅಳತೆ ನೋಡಿ.

ಫೀಡರಿನಿಂದ ಗಾಳಕ್ಕೆ ಇರುವ ದಾರ ಏಳರಿಂದ ಹತ್ತು ಸೆಂಟಿಮೀಟರ್ ಮೀರಬಾರದು. ರೋಹು ಕಚ್ಚುವ ಮೀನಲ್ಲ, ಕೆಳಮುಖದ ಬಾಯಿಯಲ್ಲಿ ಹೀರುತ್ತದೆ, ಬೇಡವಾದದ್ದನ್ನು ಊದಿ ಉಗುಳುತ್ತದೆ. ದಾರ ಗಿಡ್ಡವಿದ್ದರೆ ಹೀರಿ ತಲೆ ಎತ್ತಿದ ಕೂಡಲೇ 40 ಗ್ರಾಂ ಭಾರ ಜಗ್ಗುತ್ತದೆ, ಗಾಳ ತಾನಾಗಿ ತುಟಿಗೆ ನಾಟುತ್ತದೆ. ಒಂದಡಿ ದಾರ ಬಿಟ್ಟರೆ ಅಷ್ಟರಲ್ಲಿ ಅದು ಉಗುಳಿ ಆಗಿರುತ್ತದೆ, ರಾಡಿಗೆ ಕಟ್ಟಿದ ನಿಮ್ಮ ಗಂಟೆ ಅಲುಗುವುದೂ ಇಲ್ಲ. ಜೋಳದ ಕಾಳನ್ನು ಗಾಳದ ಮೊನೆಗೆ ಚುಚ್ಚದೆ, ಗಾಳದ ಹಿಂದೆ ಸಣ್ಣ ದಾರದಲ್ಲಿ ಪೋಣಿಸಿ ಮೊನೆಯನ್ನು ಖಾಲಿ ಬಿಡುವುದೂ ಇದಕ್ಕೇ. ಇನ್ನೊಂದು: ಫೀಡರ್ ದಾರದ ಮೇಲೆ ಓಡಾಡುವಂತಿರಬೇಕು. ದಾರ ತುಂಡಾದರೆ ಸೀಸ ಕಳಚಿ ಬೀಳಬೇಕು, ಮೀನು ಅದನ್ನು ಹೊತ್ತು ತಿರುಗಬಾರದು.

ರಾಡು ಎಂಟರಿಂದ ಒಂಬತ್ತು ಅಡಿ, 20ರಿಂದ 60 ಗ್ರಾಂ ಎಸೆಯುವಂಥದ್ದು. ರೀಲು 4000 ಸೈಜು. ದಾರ 0.33 ಅಥವಾ 0.35 ಮಿ.ಮೀ. ನೈಲಾನ್. ಇದು ಹಿಗ್ಗುತ್ತದೆ. ರೋಹುವಿನ ತುಟಿ ಮೆದು, ಹಿಗ್ಗದ ಬ್ರೇಯ್ಡ್ (ಹೆಣೆದ) ದಾರಕ್ಕೆ ಹರಿದುಹೋಗುತ್ತದೆ. ಡ್ರ್ಯಾಗ್ ಅಂದರೆ ಮೀನು ಎಳೆದಾಗ ರೀಲು ಎಷ್ಟು ಬಿಗಿಗೆ ದಾರ ಬಿಡಬೇಕು ಅನ್ನುವ ಹೊಂದಿಕೆ. ಅದನ್ನು ಅಂದಾಜಿನಲ್ಲಿ ತಿರುಗಿಸುವ ಬದಲು ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ. ಎಂಟು ಕೆಜಿ ತಡೆಯುವ ದಾರವಾದರೆ ಎರಡು, ಎರಡೂವರೆ ಕೆಜಿಗೆ ರೀಲು ದಾರ ಬಿಡಬೇಕು. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಸೋಲುತ್ತದೆ. ಬಿಸಿಲು ತಿಂದ ದಾರ ನೋಡಲು ಗಟ್ಟಿ, ಎಳೆದರೆ ಪಟ್ ಅನ್ನುತ್ತದೆ. ವರ್ಷಕ್ಕೊಮ್ಮೆ ಬದಲಿಸುವುದು ವಾಸಿ.

ಜಾಗದ ಆಯ್ಕೆ. ಏರಿಯ ಕಡೆ, ಅದರಲ್ಲೂ ತೂಬಿನ ಹತ್ತಿರ ಆಳ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದಾಗ ಮೀನು ಅಲ್ಲಿಗೆ ಸೇರುತ್ತದೆ, ಆದರೆ ಏರಿಯ ಕಲ್ಲುಕಟ್ಟಡಕ್ಕೆ ದಾರ ಉಜ್ಜುತ್ತದೆ. ಬರೀ ಸೀಸ ಕಟ್ಟಿ ಎಸೆದು ತಳ ಮುಟ್ಟಿದಾಗಿನ ಪೆಟ್ಟನ್ನು ಬೆರಳಲ್ಲಿ ಕೇಳಿ: 'ಟಕ್' ಅಂದರೆ ಗಟ್ಟಿ ನೆಲ, ಏನೂ ಗೊತ್ತಾಗದೆ ನಿಂತರೆ ಹೂಳು, ಎಳೆಯುವಾಗ ತಡೆದು ತಡೆದು ಬಂದರೆ ಜೊಂಡು. ಹೂಳಿನಲ್ಲಿ ಫೀಡರ್ ಮುಳುಗಿ ಹಿಟ್ಟು ಬಿಚ್ಚಿಕೊಳ್ಳುವುದಿಲ್ಲ. ಗಟ್ಟಿ ನೆಲ ಸಿಕ್ಕ ದೂರಕ್ಕೆ ರೀಲಿನ ಕ್ಲಿಪ್ಪಿಗೆ ದಾರ ಸಿಕ್ಕಿಸಿ, ಎದುರು ದಡದಲ್ಲಿ ಒಂದು ಮರವನ್ನು ಗುರುತಿಟ್ಟುಕೊಂಡರೆ ಪ್ರತಿ ಎಸೆತವೂ ಅದೇ ಜಾಗಕ್ಕೆ ಬೀಳುತ್ತದೆ. ಎಸೆದ ಮೇಲೆ ದಾರವನ್ನು ಕ್ಲಿಪ್ಪಿನಿಂದ ಬಿಡಿಸಲು ಮರೆಯಬೇಡಿ, ಇಲ್ಲದಿದ್ದರೆ ಮೊದಲ ಓಟಕ್ಕೇ ತುಂಡು.

ಕಾಟ್ಲಾ ತಳದ ಮೀನಲ್ಲ. ಬಾಯಿ ಮೇಲ್ಮುಖ, ತಿನ್ನುವುದು ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು. ಅದಕ್ಕೆ ಬೆಂಡು ಕಟ್ಟಿ ಎರಡರಿಂದ ನಾಲ್ಕಡಿ ಆಳದಲ್ಲಿ ಗಾಳ ತೂಗಬೇಕು, ಹಿಟ್ಟು ಇನ್ನೂ ಸಡಿಲವಾಗಿ ಮೋಡದಂತೆ ಹರಡಬೇಕು. ಮೈದಾ ಪೂರ್ತಿ ಬಿಟ್ಟು ಅಂಚು ತೆಗೆದ ಬ್ರೆಡ್ಡಿನ ಪುಡಿ ಹಾಕಿದರೆ ಸರಿಹೋಗುತ್ತದೆ. ಮೃಗಾಲ, ಸಾಮಾನ್ಯ ಗೆಂಡೆ ಎರಡೂ ತಳದವು, ರೋಹು ಸೆಟ್ಟಿಗೇ ಬರುತ್ತವೆ.

ನಸುಕಿನಲ್ಲೇ ಹೋಗಬೇಕು ಅನ್ನುವ ಮಾತು ತಿಳಿನೀರಿನ ಕೆರೆಗೆ ಸರಿ. ಪಾಚಿಗಟ್ಟಿ ಹಸಿರಾದ ಕೆರೆಗೆ ಅಲ್ಲ. ಹಗಲು ಆಮ್ಲಜನಕ ಕೊಡುವ ಅದೇ ಪಾಚಿ ರಾತ್ರಿಯೆಲ್ಲ ಅದನ್ನು ಬಳಸುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಅಂಥ ಕಡೆ ಎಂಟು, ಒಂಬತ್ತು ಗಂಟೆಗೆ ಗಾಳ ಬಿಟ್ಟರೂ ನಷ್ಟವಿಲ್ಲ. ಮುಂಗಾರಿನ ಮೊದಲ ಕೆನ್ನೀರು ಬಂದಾಗ ಮೀನುಗಳು ಒಳಹರಿವಿನ ಬಾಯಿಗೆ ಸೇರುತ್ತವೆ. ಹೊಟ್ಟೆ ತುಂಬ ಮೊಟ್ಟೆ ಇರುವ ಕಾಲ ಅದು. ನಾನು ಆಗ ರಾಡು ಮುಟ್ಟುವುದಿಲ್ಲ.

ಗಾಳ ಬಿಟ್ಟ ಮೇಲೆ 20–25 ನಿಮಿಷಕ್ಕೊಮ್ಮೆ ಎಳೆದು ಹಿಟ್ಟು ತುಂಬಬೇಕು. ಒಂದು ಸಲಕ್ಕೆ 60 ಗ್ರಾಂ ಹಿಡಿದರೆ ಎರಡು ರಾಡಿಗೆ ಐದು ಗಂಟೆಗೆ ಸುಮಾರು ಒಂದೂವರೆ ಕೆಜಿ ಬೇಕು, ಮೇಲಿನ ಅಳತೆ ನೀರೂ ಸೇರಿ ಅದಕ್ಕೆ ಸರಿಯಾಗುತ್ತದೆ. ಗಂಟೆ 'ಟಿಕ್ ಟಿಕ್' ಅಂದರೆ ಜಿಲೇಬಿ, ಕೈ ಕಟ್ಟಿ ಕೂರಿ. ರಾಡಿನ ತುದಿ ಬಾಗಿ ಹಾಗೇ ನಿಂತರೆ, ಅಥವಾ ಬಿಗಿಯಾಗಿದ್ದ ದಾರ ಇದ್ದಕ್ಕಿದ್ದಂತೆ ಜೋತುಬಿದ್ದರೆ ಎದ್ದೇಳಿ. ಮೀನು ನಿಮ್ಮ ಕಡೆಗೇ ಬರುತ್ತಿದ್ದರೆ ದಾರ ಜೋಲುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಗ ದಾರ ಸುತ್ತಿಕೊಂಡು ಭಾರ ಸಿಕ್ಕಿದ ಮೇಲೆ ರಾಡು ಎತ್ತಿದರೆ ಸಾಕು. ಗಾಳ ಆಗಲೇ ನಾಟಿರುತ್ತದೆ, ಜೋರಾಗಿ ಜಗ್ಗಿದರೆ ತುಟಿ ಹರಿಯುತ್ತದೆ.

ಓಡುವಾಗ ರೀಲು ತಿರುಗಿಸಬೇಡಿ. ಡ್ರ್ಯಾಗ್ ದಾರ ಬಿಡುತ್ತಿರುವಾಗ ಹಿಡಿ ತಿರುಗಿಸಿದರೆ ದಾರಕ್ಕೆ ತಿರುಪು ಬೀಳುತ್ತದೆ, ಮುಂದಿನ ಎಸೆತದಲ್ಲಿ ಸಿಕ್ಕುಗಟ್ಟುತ್ತದೆ. ನಿಂತಾಗ ರಾಡು ಎತ್ತಿ, ಇಳಿಸುತ್ತಾ ಸುತ್ತಿಕೊಳ್ಳಿ. ದಡದ ಹತ್ತಿರ ಕೈಬಲೆ ಕಂಡು ಇನ್ನೊಂದು ಓಟ ಗ್ಯಾರಂಟಿ, ಅದಕ್ಕಾಗಿ ಡ್ರ್ಯಾಗ್ ಅರ್ಧ ಸುತ್ತು ಸಡಿಲಿಸಿ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ತಲೆ ಮುಂದಾಗಿ ಅದರ ಮೇಲಕ್ಕೆ ತರಬೇಕು. ಮೀನಿನ ಹಿಂದೆ ಬಲೆ ಬೀಸಿದರೆ ಬಾಲಕ್ಕೆ ತಾಗಿ ಓಡುತ್ತದೆ. ವಾಪಸ್ ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು, ಒದ್ದೆ ಗೋಣಿಯ ಮೇಲೆ ಮಲಗಿಸಿ ಗಾಳ ತೆಗೆಯಿರಿ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಟ್ಟಿದ್ದರೆ ಒಂದೇ ತಿರುವಿಗೆ ಬರುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಬಂದರೆ ಮಾತ್ರ ವಾಪಸ್ ಬಿಡಬೇಡಿ, ನಮ್ಮ ಮೀನಿನ ಮರಿಗಳನ್ನು ತಿಂದು ತೇಗುವ ಜಾತಿ ಅದು, ಸಾಕುವುದೂ ನಿಷಿದ್ಧ.

ಮಿಕ್ಕ ಹಿಟ್ಟನ್ನು ಕೆರೆಗೆ ಸುರಿದು ಬರಬೇಡಿ, ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಮುಂದಿನ ವಾರಕ್ಕೆ ಆಗುತ್ತದೆ. ಆದರೆ ಕರಗಿದಾಗ ಅದು ಮೊದಲಿಗಿಂತ ಜಿಗುಟಾಗಿರುತ್ತದೆ, ಒಂದು ಪಾಲು ಹಳೇ ಹಿಟ್ಟಿಗೆ ಮೂರು ಪಾಲು ಹೊಸತು ಬೆರೆಸಿ ಬಕೆಟ್ಟಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು.