ರಾ ಫೈಲಿನಿಂದ ಮುದ್ರಣದವರೆಗೆ: ಚಿತ್ರ ತಿದ್ದುವ ಕ್ರಮ ಮತ್ತು ಸಲಕರಣೆಗಳು

ಚಿತ್ರಗಳನ್ನು ತಿದ್ದಲು ಯಾವ ತಂತ್ರಾಂಶ ಕೊಳ್ಳಬೇಕು ಎಂಬುದು ಛಾಯಾಗ್ರಹಣವನ್ನು ವೃತ್ತಿಯಾಗಿ ಹಿಡಿದವರೆಲ್ಲರೂ ಕೇಳುವ ಪ್ರಶ್ನೆ. ಅದಕ್ಕೂ ಮುಂಚೆ ಕೆಲಸದ ಕ್ರಮವನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯಾವುದನ್ನು ಮೊದಲು ತಿದ್ದಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು, ಮಾಡಿದ ತಿದ್ದುಪಡಿಯನ್ನು ಆರು ತಿಂಗಳ ನಂತರವೂ ಹಿಂತೆಗೆದುಕೊಳ್ಳಲು ಸಾಧ್ಯವೇ ಎಂಬುದು ತಿಳಿದಿದ್ದವರಿಗೆ ತಂತ್ರಾಂಶದ ಆಯ್ಕೆ ಸುಲಭವಾಗುತ್ತದೆ.

ಮೊದಲ ಖರ್ಚು ಮಾನಿಟರಿಗೂ ಅದರ ಬಣ್ಣ ಮತ್ತು ಪ್ರಕಾಶವನ್ನು ಅಳೆಯುವ ಕಲರಿಮೀಟರಿಗೂ ಸಲ್ಲಬೇಕು. ವೃತ್ತಿಯ ಆರಂಭದಲ್ಲಿ ನಾನು ಲ್ಯಾಪ್‌ಟಾಪಿನ ಪರದೆಯನ್ನು ಪೂರ್ಣ ಪ್ರಕಾಶದಲ್ಲಿಟ್ಟು ಒಂದು ಇಡೀ ಆಲ್ಬಮ್ಮನ್ನು ತಿದ್ದಿದ್ದೆ. ಮುದ್ರಣವಾಗಿ ಬಂದಾಗ ಎಲ್ಲ ಮುಖಗಳೂ ಕಪ್ಪಿಟ್ಟಿದ್ದವು. ತಪ್ಪು ಮುದ್ರಿಸಿದವರದ್ದೆಂದು ವಾದಿಸಿದ ಮೇಲೆ, ಅದೇ ಫೈಲುಗಳನ್ನು ಅಳತೆ ಮಾಡಿದ ಪರದೆಯಲ್ಲಿ ತೆರೆದು ನೋಡಿದಾಗ ಅವು ನಿಜಕ್ಕೂ ಅಷ್ಟೇ ಕಪ್ಪಾಗಿದ್ದವು. ಪರದೆ ಅತಿಯಾಗಿ ಬೆಳಗುತ್ತಿದ್ದುದರಿಂದ ನಾನು ಚಿತ್ರವನ್ನು ತಿಳಿಯದೆಯೇ ಮಂದಗೊಳಿಸುತ್ತ ಹೋಗಿದ್ದೆ.

ಅಳತೆಗೆ ಮುನ್ನ ಮಾನಿಟರನ್ನು ಅರ್ಧ ಗಂಟೆ ಚಾಲೂ ಇಟ್ಟು, ತಾನಾಗಿಯೇ ಪ್ರಕಾಶ ಬದಲಿಸುವ ಮತ್ತು ರಾತ್ರಿ ಹಳದಿಗೆ ತಿರುಗುವ ಸೌಲಭ್ಯಗಳನ್ನು ನಿಲ್ಲಿಸಿಬಿಡಿ. ಬಿಳಿಯ ಬಿಂದು (ಪರದೆಯ ಬಿಳಿಯ ಛಾಯೆ) 6500 ಕೆಲ್ವಿನ್, ಗಾಮಾ (ನಡುವಿನ ಬೂದು ಛಾಯೆಗಳ ಹದ) 2.2, ಪ್ರಕಾಶ ಚದರ ಮೀಟರಿಗೆ 120 ಕ್ಯಾಂಡೆಲಾದ ಆಸುಪಾಸಿನಲ್ಲಿರಲಿ. ಮುದ್ರಣಕ್ಕೆಂದೇ ಮಂದ ಬೆಳಕಿನ ಕೋಣೆಯಲ್ಲಿ ತಿದ್ದುವವರು 80ರಿಂದ 100ಕ್ಕೆ ಇಳಿಸಬಹುದು. ಉಪಕರಣವು ಪರದೆಯ ಬಣ್ಣಗಳನ್ನು ಅಳೆದು, ಆ ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆಂದು ತಂತ್ರಾಂಶಗಳಿಗೆ ತಿಳಿಸುವ ಐಸಿಸಿ ಪ್ರೊಫೈಲೊಂದನ್ನು ಬರೆಯುತ್ತದೆ. ತಿಂಗಳಿಗೊಮ್ಮೆ ಈ ಅಳತೆಯನ್ನು ಮರುಮಾಡುವುದು ಒಳ್ಳೆಯದು.

ಸೆನ್ಸರಿನ ದಾಖಲೆಯನ್ನು ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿಯೇ ಚಿತ್ರ ತೆಗೆಯಬೇಕೆಂಬ ಮಾತಿನ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಎಂಟು ಬಿಟ್ಟಿನ ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಹದಿನಾಲ್ಕು ಬಿಟ್ಟಿನ ರಾ ಫೈಲಿನಲ್ಲಿ 16,384 ಹಂತಗಳಿರುತ್ತವೆ. ಸೆನ್ಸರ್ ಬೆಳಕನ್ನು ಸರಳ ಅನುಪಾತದಲ್ಲಿ ದಾಖಲಿಸುವುದರಿಂದ ಇವುಗಳಲ್ಲಿ ಅರ್ಧದಷ್ಟು, ಅಂದರೆ 8,192 ಹಂತಗಳು, ಅತಿ ಪ್ರಕಾಶದ ಒಂದೇ ಸ್ಟಾಪಿಗೆ (ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಅಳತೆ) ಸಂದುಹೋಗುತ್ತವೆ. ಮುಂದಿನ ಸ್ಟಾಪಿಗೆ 4,096, ಅದರ ಮುಂದಿನದಕ್ಕೆ 2,048 ಎಂದು ಇಳಿಯುತ್ತ, ಕತ್ತಲಿನ ಭಾಗಕ್ಕೆ ಉಳಿಯುವುದು ತೀರ ಕಡಿಮೆ. ನೆರಳನ್ನು ಬಹಳವಾಗಿ ಎತ್ತಿದಾಗ ಚಿತ್ರ ಕಾಳುಕಾಳಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಹೈಲೈಟುಗಳು, ಅಂದರೆ ಅತಿ ಬೆಳಗಿದ ಭಾಗಗಳು, ಸುಟ್ಟುಹೋಗದಷ್ಟು ಎಚ್ಚರದಿಂದ ತುಸು ಹೆಚ್ಚೇ ಬೆಳಕು ಕೊಟ್ಟು ತೆಗೆದ ಚಿತ್ರ ತಿದ್ದುವಾಗ ಹೆಚ್ಚಿನ ಬದಲಾವಣೆಯನ್ನು ತಾಳಿಕೊಳ್ಳುತ್ತದೆ.

ಹೆಚ್ಚಿನ ಕ್ಯಾಮೆರಾಗಳ ಸೆನ್ಸರಿನಲ್ಲಿ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಗ್ರಹಿಸುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳಿಂದ ಊಹಿಸಿ ತುಂಬುವುದು ತಂತ್ರಾಂಶದ ಕೆಲಸ. ಒಂದೇ ರಾ ಫೈಲು ಎರಡು ತಂತ್ರಾಂಶಗಳಲ್ಲಿ ಎರಡು ಬಗೆಯಾಗಿ ಕಾಣಲು ಈ ಊಹೆಯ ವಿಧಾನವೂ ಅವುಗಳ ಬಣ್ಣದ ಪ್ರೊಫೈಲುಗಳೂ ಕಾರಣ. ಆದ್ದರಿಂದ ಇತರರ ವಿಮರ್ಶೆಗಳನ್ನು ಓದಿ ಆರಿಸುವ ಬದಲು ನಿಮ್ಮವೇ ಇಪ್ಪತ್ತು ಕಷ್ಟದ ಚಿತ್ರಗಳನ್ನು ಆರಿಸಿಕೊಳ್ಳಿ: ಬೇರೆಬೇರೆ ದೀಪಗಳು ಬೆರೆತ ಬೆಳಕಿನಲ್ಲಿ ತೆಗೆದ ಮುಖ, ಹೆಚ್ಚಿನ ಐಎಸ್‌ಒದಲ್ಲಿ (ಬೆಳಕಿನ ಸಂವೇದನೆಯ ಅಳತೆ) ತೆಗೆದ ಕತ್ತಲ ಚಿತ್ರ, ಬಿಸಿಲಿನಲ್ಲಿ ಬಿಳಿಯ ಬಟ್ಟೆ. ಪ್ರಾಯೋಗಿಕ ಅವಧಿಯಲ್ಲಿ ಅವೇ ಇಪ್ಪತ್ತನ್ನು ಎಲ್ಲದರಲ್ಲೂ ತಿದ್ದಿ ನೋಡಿ. ಸಾವಿರಾರು ಚಿತ್ರಗಳನ್ನು ಒಂದೇ ಕ್ಯಾಟಲಾಗಿನಲ್ಲಿ ಹುಡುಕಬೇಕಾದವರಿಗೆ ಲೈಟ್‌ರೂಮ್ ಕ್ಲಾಸಿಕ್ ಅನುಕೂಲ. ಸ್ಟುಡಿಯೋದಲ್ಲಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿಯೇ ಕೆಲಸ ಮಾಡುವವರು ಕ್ಯಾಪ್ಚರ್ ಒನ್ ಕಡೆಗೆ ಒಲಿಯುತ್ತಾರೆ. ಲೆನ್ಸಿನ ದೋಷ ತಿದ್ದುವುದಕ್ಕೂ ಕಾಳುಕಾಳಾಗಿ ಕಾಣುವ ನಾಯ್ಸ್ ಇಳಿಸುವುದಕ್ಕೂ ಡಿಎಕ್ಸ್ಒ ಫೋಟೋಲ್ಯಾಬ್ ಹೆಸರುವಾಸಿ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಉಚಿತವಾದವು, ಮುಕ್ತ ಆಕರದವು. ಕಲಿಯಲು ತಾಳ್ಮೆ ಬೇಕಾದರೂ ವೃತ್ತಿಯ ಕೆಲಸಕ್ಕೆ ಸಾಕಾಗುತ್ತವೆ.

ಆಯ್ಕೆ ಮಾಡುವಾಗ ಮುಂದೆ ಆ ತಂತ್ರಾಂಶದಿಂದ ಹೊರಬರುವ ದಾರಿಯನ್ನೂ ನೋಡಿಕೊಳ್ಳಬೇಕು. ಆಪಲ್ ಸಂಸ್ಥೆ ಚಿತ್ರ ತಿದ್ದುವ ತನ್ನ ಅಪರ್ಚರ್ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2014ರಲ್ಲಿ ಪ್ರಕಟಿಸಿತು. ಅಂಥ ಸಂದರ್ಭದಲ್ಲಿ ಒಂದು ತಂತ್ರಾಂಶದ ರೇಟಿಂಗ್ ಮತ್ತು ಕೀವರ್ಡುಗಳನ್ನು, ಚಿತ್ರದ ಜೊತೆಗೆ ಅದರ ಮಾಹಿತಿಯನ್ನಿಡುವ ಎಕ್ಸ್‌ಎಂಪಿ ಫೈಲುಗಳ ಮೂಲಕ ಇನ್ನೊಂದಕ್ಕೆ ಒಯ್ಯಬಹುದಾದರೂ, ಬಣ್ಣ ಮತ್ತು ಬೆಳಕಿನ ತಿದ್ದುಪಡಿಗಳು ಬಹುಮಟ್ಟಿಗೆ ಹಾಗೆ ಸಾಗುವುದಿಲ್ಲ. ಮುಖ್ಯ ಕೆಲಸಗಳ ಅಂತಿಮ ರೂಪವನ್ನು ಬೇರೆ ತಂತ್ರಾಂಶಗಳಲ್ಲೂ ತೆರೆಯುವ 16 ಬಿಟ್ಟಿನ ಟಿಫ್ ಆಗಿಯೂ ಉಳಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ತಿದ್ದುವ ಕ್ರಮ. ಹಕ್ಕುಸ್ವಾಮ್ಯದ ವಿವರವನ್ನು ಆಮದಿನ ಹೊತ್ತಿನಲ್ಲೇ ಸೇರಿಸಿ, ಬೇಡದ ಚಿತ್ರಗಳನ್ನು ಮೊದಲು ತೆಗೆದುಹಾಕಿ. ಬಳಿಕ ಬಣ್ಣದ ಪ್ರೊಫೈಲ್ ಮತ್ತು ಲೆನ್ಸಿನ ತಿದ್ದುಪಡಿ, ಅದರ ನಂತರ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಸರಿದೂಗಿಸುವುದು), ಅನಂತರವಷ್ಟೇ ಎಕ್ಸ್‌ಪೋಷರ್ ಮತ್ತು ಕಾಂಟ್ರಾಸ್ಟ್. ವೈಟ್ ಬ್ಯಾಲೆನ್ಸಿಗೆ ಅದೇ ಬೆಳಕಿನಲ್ಲಿ ಹಿಡಿದ ಬೂದು ಕಾರ್ಡಿನಷ್ಟು ನೆಚ್ಚಬಹುದಾದದ್ದು ಬೇರೊಂದಿಲ್ಲ. ಬಿಳಿಯ ಕಾಗದದ ಮೇಲೆ ಅಳೆಯಬೇಡಿ. ಅದಕ್ಕೆ ಬೆರೆಸಿರುವ ಹೊಳಪುಕಾರಕಗಳು ಬೆಳಕನ್ನು ನೀಲಿಗೆ ತಿರುಗಿಸುವುದರಿಂದ ಚಿತ್ರ ಹಳದಿಯಾಗುತ್ತದೆ. ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಬೆರೆತಲ್ಲಿ ಒಂದೇ ಅಳತೆ ಇಡೀ ಚಿತ್ರಕ್ಕೆ ಹೊಂದದು. ಅಲ್ಲಿ ಮುಖಕ್ಕೆ ಸರಿಯಾದ ಬಣ್ಣವನ್ನು ಕೂರಿಸಿ, ಹಿನ್ನೆಲೆಯನ್ನು ಮಾಸ್ಕಿನಿಂದ (ತಿದ್ದುಪಡಿಯನ್ನು ಒಂದು ಭಾಗಕ್ಕಷ್ಟೇ ಸೀಮಿತಗೊಳಿಸುವ ಮುಸುಕು) ಬೇರೆಯಾಗಿ ತಿದ್ದಿ. ಲೈಟ್‌ರೂಮಿನಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದು ವೈಟ್ಸ್ ಸ್ಲೈಡರನ್ನು ಎಳೆದರೆ ವಿವರ ಕಳೆದುಕೊಳ್ಳುತ್ತಿರುವ ಜಾಗಗಳಷ್ಟೇ ಬೆಳಗುತ್ತವೆ. ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಮಾತ್ರ ಗರಿಷ್ಠ ಮಟ್ಟ ಮುಟ್ಟಿ ತುಂಬಿಹೋಗಿದ್ದರೆ ಉಳಿದೆರಡರ ನೆರವಿನಿಂದ ಒಂದಿಷ್ಟನ್ನು ಮರಳಿ ಪಡೆಯಬಹುದು. ಮೂರೂ ತುಂಬಿಹೋಗಿದ್ದರೆ ಅಲ್ಲಿ ವಿವರವೇ ಉಳಿದಿರುವುದಿಲ್ಲ.

ಇಷ್ಟರಲ್ಲಿ ಮುಗಿಯದ ಚಿತ್ರಗಳನ್ನು ಮಾತ್ರ ಫೋಟೋಶಾಪ್, ಅಫಿನಿಟಿ ಅಥವಾ ಗಿಂಪ್‌ನಂಥ ತಂತ್ರಾಂಶಕ್ಕೆ ಒಯ್ಯಬೇಕು. ಅಲ್ಲಿ ಮೂಲ ಲೇಯರನ್ನು (ಚಿತ್ರವಿರುವ ಕೆಳಗಿನ ಪದರವನ್ನು) ಎಂದೂ ಮುಟ್ಟಬೇಡಿ. ಕಲೆ ತೆಗೆಯುವುದಕ್ಕೆ ಖಾಲಿ ಲೇಯರೊಂದನ್ನು ಮೇಲಿಟ್ಟು, ಹೀಲಿಂಗ್ ಬ್ರಷ್ ಕೆಳಗಿನ ಲೇಯರಿನಿಂದಲೂ ಮಾದರಿ ತೆಗೆದುಕೊಳ್ಳುವಂತೆ ಹೊಂದಿಸಿಕೊಳ್ಳಿ. ಮುಖದ ಬೆಳಕು–ನೆರಳನ್ನು ಹದಗೊಳಿಸಲು ಎರಡು ಕರ್ವ್ಸ್ ಲೇಯರುಗಳು ಬೇಕು. ಒಂದು ಬೆಳಗಿಸುವುದು, ಇನ್ನೊಂದು ಮಂದಗೊಳಿಸುವುದು. ಎರಡರ ಮಾಸ್ಕನ್ನೂ ಕಪ್ಪಾಗಿಸಿ ಪರಿಣಾಮವನ್ನು ಮರೆಮಾಡಿ, ಬೇಕಾದಲ್ಲಿ ಮಾತ್ರ ಮೃದುವಾದ ಬಿಳಿಯ ಬ್ರಷ್ಷಿನಿಂದ ಕಡಿಮೆ ಫ್ಲೋದಲ್ಲಿ (ಬಣ್ಣ ಹರಿಯುವ ಪ್ರಮಾಣ) ಮೆಲ್ಲಮೆಲ್ಲನೆ ಸವರಬೇಕು. ಚರ್ಮದ ಮೇಲ್ಮೈಯ ಸೂಕ್ಷ್ಮ ವಿವರವನ್ನೂ ಬಣ್ಣವನ್ನೂ ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಷನ್ ಬೇಗ ಮುಗಿಯುತ್ತದೆಂಬುದು ನಿಜ. ಆದರೆ ಅದನ್ನು ಅತಿಯಾಗಿ ಬಳಸಿದ ಮುಖಗಳು ಮೇಣದ ಬೊಂಬೆಗಳಂತಾಗುವುದನ್ನು ನೋಡಿ ನಾನು ಅದನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಎರಡು ವಾರದಲ್ಲಿ ತಾನಾಗಿಯೇ ಮಾಯುವ ಮೊಡವೆಯನ್ನು ತೆಗೆಯಿರಿ. ಮಚ್ಚೆ, ಹಳೆಯ ಗಾಯದ ಗುರುತುಗಳು ಆ ವ್ಯಕ್ತಿಯ ಭಾಗವಾಗಿರುವುದರಿಂದ ಅವರು ಕೇಳದ ಹೊರತು ಮುಟ್ಟಬೇಡಿ. ಕೃತಕ ಬುದ್ಧಿಮತ್ತೆಯಿಂದ ಇಲ್ಲದ ವಸ್ತುವನ್ನು ಸೃಷ್ಟಿಸಿ ಸೇರಿಸುವ ಸಾಧನಗಳಿಗೆ ಸುದ್ದಿಚಿತ್ರದಲ್ಲಿ ಸ್ಥಾನವಿಲ್ಲ. ಬೇರೆ ಕೆಲಸಗಳಲ್ಲಿ ಬಳಸಿದರೆ ಗ್ರಾಹಕರಿಗೆ ಮೊದಲೇ ತಿಳಿಸಿ. ಫೋಟೋಶಾಪಿನ ಪಿಎಸ್‌ಡಿ ಫೈಲು 2 ಜಿಬಿ ಮೀರುವಂತಿಲ್ಲವೆಂಬುದೂ ನೆನಪಿರಲಿ; ಅದಕ್ಕಿಂತ ದೊಡ್ಡದಾದರೆ ಪಿಎಸ್‌ಬಿ ರೂಪದಲ್ಲಿ ಉಳಿಸಬೇಕು.

ತಿದ್ದುವಾಗ ಪ್ರೊಫೋಟೋ ಆರ್‌ಜಿಬಿಯಂಥ ವಿಶಾಲ ಬಣ್ಣದ ವಲಯವನ್ನು 16 ಬಿಟ್ಟಿನಲ್ಲಿ ಬಳಸಿ, ಆದರೆ ಅಂತರ್ಜಾಲಕ್ಕೆ ಕಳಿಸುವ ಜೆಪೆಗನ್ನು ಸಾಮಾನ್ಯ ಪರದೆಗಳ ಬಣ್ಣದ ವಲಯವಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿಯೇ ಕಳಿಸಿ. ಪರಿವರ್ತಿಸದೆ ಕಳಿಸಿದರೆ, ಪ್ರೊಫೈಲನ್ನು ಓದದ ತಂತ್ರಾಂಶಗಳಲ್ಲಿ ಚಿತ್ರ ಕಳೆಗುಂದುತ್ತದೆ. ಮುದ್ರಣಕ್ಕಾದರೆ ಮುದ್ರಿಸುವವರಿಂದ ಅವರ ಕಾಗದದ ಪ್ರೊಫೈಲನ್ನು ಪಡೆದು, ಮುದ್ರಣ ಹೇಗೆ ಬರುವುದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫಿಂಗಿನಲ್ಲಿ ಯಾವ ಬಣ್ಣಗಳು ಮಸುಕಾಗುತ್ತವೆ ಎಂದು ಮೊದಲೇ ನೋಡಿಕೊಳ್ಳಿ. ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ 12x18 ಅಂಗುಲದ ಮುದ್ರಣಕ್ಕೆ 3600x5400 ಪಿಕ್ಸೆಲ್‌ಗಳು ಬೇಕು. ಈ ಅಳತೆಗೆ ತಂದ ಮೇಲಷ್ಟೇ ಅಂಚುಗಳನ್ನು ಸ್ಪಷ್ಟಗೊಳಿಸುವ ಕೊನೆಯ ಶಾರ್ಪನಿಂಗ್ ಮಾಡಬೇಕು. ಮುಂಚೆಯೇ ಮಾಡಿದರೆ ಗಾತ್ರ ಬದಲಾಗುವಾಗ ಅಂಚುಗಳು ಕೆಡುತ್ತವೆ.

ಕೆಲಸ ಒಪ್ಪಿಸಿದ ದಿನವೇ ಮೂರು ಪ್ರತಿಗಳಿರಲಿ: ಎರಡು ಬೇರೆಬೇರೆ ಬಗೆಯ ಸಂಗ್ರಹಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಕಟ್ಟಡದಲ್ಲಿ. ರಾ ಫೈಲುಗಳ ಜೊತೆಗೆ ಕ್ಯಾಟಲಾಗು ಮತ್ತು ಎಕ್ಸ್‌ಎಂಪಿ ಫೈಲುಗಳನ್ನೂ ಸೇರಿಸಿ, ಏಕೆಂದರೆ ನೀವು ಮಾಡಿದ ತಿದ್ದುಪಡಿಗಳೆಲ್ಲ ಇರುವುದು ಅವುಗಳಲ್ಲೇ. ಆಮೇಲೆ ಆ ಪ್ರತಿಯಿಂದಲೇ ಒಂದೆರಡು ಚಿತ್ರಗಳನ್ನು ತೆರೆದು, ತಿದ್ದುಪಡಿಗಳು ಹಾಗೆಯೇ ಇರುವುದನ್ನು ಕಣ್ಣಾರೆ ನೋಡಿ. ಕ್ಯಾಮೆರಾದ ಕಾರ್ಡನ್ನು ಅಲ್ಲಿಯವರೆಗೆ ಅಳಿಸಬೇಡಿ.