1468 ಹೋಗುತ್ತೆ, 1469 ಹೋಗಲ್ಲ: ಎಂಪಿಎಲ್‌ಎಸ್ ಹಾಕಿದ ನನ್ನ ಅನುಭವ

ನಮ್ಮದು ರಾಜಾಜಿನಗರದ ಒಂದು ಸಣ್ಣ ಇಂಟರ್ನೆಟ್ ಕಂಪನಿ. ದೊಡ್ಡ ರೂಟರ್ ಇರುವುದು ನಾಲ್ಕೇ ಕಡೆ. ರಾಜಾಜಿನಗರ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರೂ ಸೇರಿ ಒಂದು ರಿಂಗ್. ಪೀಣ್ಯ ಮಾತ್ರ ರಾಜಾಜಿನಗರಕ್ಕೆ ಬಾಲದ ಹಾಗೆ ಅಂಟಿಕೊಂಡಿದೆ. ಇದರ ಮೇಲೆ ಎಂಪಿಎಲ್‌ಎಸ್, ಅಂದರೆ ಪ್ಯಾಕೆಟ್ಟಿಗೆ ಲೇಬಲ್ ಅಂಟಿಸಿ ಆ ಲೇಬಲ್ ನೋಡಿಯೇ ಮುಂದೆ ಕಳಿಸುವ ವಿಧಾನ, ತರುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಬಾಸ್ ಕೇಳಿದ ಮೊದಲ ಪ್ರಶ್ನೆ, "ಇದನ್ನ ಹಾಕಿದ್ರೆ ಸ್ಪೀಡ್ ಎಷ್ಟು ಜಾಸ್ತಿ ಆಗುತ್ತೆ?" ನಾನು ಹೇಳಿದೆ, "ಸೊನ್ನೆ ಸಾರ್." ಅವರಿಗೆ ಬೇಜಾರಾಯಿತು, ಆದರೆ ವಿಷಯ ಅಷ್ಟೇ. 1996ರ ಹೊತ್ತಿಗೆ ಕಂಪನಿಗಳು ಲೇಬಲ್, ಟ್ಯಾಗ್ ಅಂತ ಶುರು ಮಾಡಿದಾಗ ರೂಟರ್‌ಗಳಿಗೆ ಐಪಿ ಅಡ್ರೆಸ್ ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಹೊಂದುವ ಪ್ರಿಫಿಕ್ಸ್‌ಗಳಲ್ಲಿ (ಅಡ್ರೆಸ್ಸಿನ ಮೊದಲ ಭಾಗ) ಅತಿ ಉದ್ದದ್ದು ಯಾವುದು ಅಂತ ಪ್ರತಿ ಪ್ಯಾಕೆಟ್‌ಗೂ ನೋಡಬೇಕು. ಲೇಬಲ್ ಆದರೆ ಒಂದು ನಂಬರ್, ನೇರ ಹೊಂದಾಣಿಕೆ. ಆಮೇಲೆ ಚಿಪ್‌ಗಳೇ ಐಪಿ ಹುಡುಕಾಟವನ್ನು ಪೂರ್ತಿ ವೇಗದಲ್ಲಿ ಮಾಡತೊಡಗಿದವು. 2001ರ ಜನವರಿಯಲ್ಲಿ ಎಂಪಿಎಲ್‌ಎಸ್‌ನ ಮಾನದಂಡದ ದಾಖಲೆ ಆರ್‌ಎಫ್‌ಸಿ 3031 ಬರುವ ಹೊತ್ತಿಗೆ ಸ್ಪೀಡಿನ ವಾದಕ್ಕೆ ಹೆಚ್ಚು ಬಲ ಉಳಿದಿರಲಿಲ್ಲ. ನಮಗೆ ಬೇಕಾಗಿದ್ದು ಬೇರೆಯೇ: ಯಾವ ಟ್ರಾಫಿಕ್ ಯಾವ ದಾರಿಯಲ್ಲಿ ಹೋಗಬೇಕು ಅಂತ ನಾವು ಹೇಳುವಂತಿರಬೇಕು, ಮತ್ತು ಇಬ್ಬರು ಗ್ರಾಹಕರ ಒಳಗಿನ ನೆಟ್‌ವರ್ಕ್ ಒಂದರೊಳಗೊಂದು ಬೆರೆಯಬಾರದು. ಇಬ್ಬರ ಆಫೀಸಿನಲ್ಲೂ 192.168.1ರ ಅಡ್ರೆಸ್ಸೇ ಇದ್ದರೆ ಇನ್ನೇನು ಮಾಡೋದು?

ಹೊಸ ಹುಡುಗರಿಗೆ ನಾನು ಇದನ್ನು ದರ್ಶಿನಿ ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಕತೆ ಕೇಳುವವನು ಕ್ಯಾಶ್ ಕೌಂಟರಿನವನು ಮಾತ್ರ. ಒಳಗಿನವನು ಟೋಕನ್ ನೋಡಿ ದೋಸೆ ಕೊಡುತ್ತಾನೆ, ನೀವು ಯಾರು ಏನು ಅಂತ ಕೇಳುವುದಿಲ್ಲ. ನೆಟ್‌ವರ್ಕ್‌ನ ಅಂಚಿನ ರೂಟರ್ ಕ್ಯಾಶಿಯರ್, ನಡುವಿನ ರೂಟರ್ ದೋಸೆಯವನು. ಇಲ್ಲಿ ಒಂದು ವ್ಯತ್ಯಾಸ ಅಂದರೆ ಪ್ರತಿ ಕೌಂಟರಿನಲ್ಲೂ ಹಳೇ ಟೋಕನ್ ಕಿತ್ತು ಹೊಸದು ಕೊಡುತ್ತಾರೆ. ಟೋಕನ್ 4 ಬೈಟ್, ಅಂದರೆ 32 ಬಿಟ್. ಲೇಬಲ್ ನಂಬರಿಗೆ 20, ದರ್ಜೆಗೆ 3, "ಇದೇ ಕೊನೇ ಲೇಬಲ್" ಅನ್ನಲು 1, ಟಿಟಿಎಲ್‌ಗೆ (ಇನ್ನೆಷ್ಟು ರೂಟರ್ ದಾಟಬಹುದು ಅನ್ನುವ ಎಣಿಕೆ) 8.

ಆ 4 ಬೈಟೇ ನನ್ನ ಎರಡು ದಿನ ತಿಂದಿದ್ದು.

ಮೊದಲು ಸೇರಿಸಿದ ಗ್ರಾಹಕರದ್ದು ಪೀಣ್ಯದಲ್ಲಿ ಫ್ಯಾಕ್ಟರಿ, ವೈಟ್‌ಫೀಲ್ಡ್‌ನಲ್ಲಿ ಆಫೀಸ್. ರಾತ್ರಿ ಕೆಲಸ ಮುಗಿಸಿ, ಪಿಂಗ್ (ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು) ಮಾಡಿ, ಎಲ್ಲ ಸರಿಯಾಗಿದೆ ಅಂತ ಮನೆಗೆ ಹೋದೆ. ಬೆಳಿಗ್ಗೆ ವೈಟ್‌ಫೀಲ್ಡ್ ಆಫೀಸಿನ ಅಕೌಂಟ್ಸ್‌ನವರ ಫೋನ್. "ಸಾರ್, ಪೀಣ್ಯದಿಂದ ಫೈಲ್ ಬರುತ್ತೆ, ನಾವು ಕಳಿಸಿದ್ರೆ ಅರ್ಧಕ್ಕೇ ನಿಂತು ಹೋಗುತ್ತೆ." ಒಂದು ಕಡೆ ಹೋಗಿ ಇನ್ನೊಂದು ಕಡೆ ನಿಲ್ಲುವುದು ಹೇಗೆ? ಫೈರ್‌ವಾಲ್ ನೋಡಿದೆ, ಕೇಬಲ್ ಬದಲಾಯಿಸಿದೆ, ಒಂದು ಸಲ ಅವರ ಆಂಟಿವೈರಸ್ಸನ್ನೂ ಬೈದೆ.

ಕೊನೆಗೆ ಪ್ಯಾಕೆಟ್ ತುಂಡು ಮಾಡಬಾರದು ಅಂತ ಹೇಳಿ, ಗಾತ್ರ ಏರಿಸುತ್ತಾ ಪಿಂಗ್ ಹಾಕಿದೆ. 1468 ಹೋಯಿತು. 1469 ಇಲ್ಲ. ಯಾವ ಕಡೆಯಿಂದ ಹಾಕಿದರೂ ಹಾಗೇ, ಯಾಕೆಂದರೆ ಪಿಂಗ್‌ನ ಉತ್ತರವೂ ಅಷ್ಟೇ ದಪ್ಪ ಇರುತ್ತದಲ್ಲ. ಪಿಂಗ್ ಜೊತೆ 28 ಬೈಟ್ ಹೆಡರ್ ಸೇರಿ 1496. ಅದಕ್ಕೆ ಎರಡು ಲೇಬಲ್, ಹೊರಗಿನದು ದಾರಿಗೆ, ಒಳಗಿನದು ಯಾವ ಗ್ರಾಹಕ ಅನ್ನಲು, ಅಂದರೆ 8 ಬೈಟ್. ಒಟ್ಟು 1504. ಅಂದರೆ ದಾರಿಯಲ್ಲಿ ಎಲ್ಲೋ 1504ಕ್ಕಿಂತ ದಪ್ಪ ಪ್ಯಾಕೆಟ್ ಹಿಡಿಯದ ಪೆಟ್ಟಿಗೆಯೊಂದು ಕೂತಿದೆ.

ಸಿಕ್ಕಿತು. ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ಹೋಗುವ ಲೈನಿನ ನಡುವೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಹಳೇ ಸ್ವಿಚ್. ರೂಟರ್‌ಗಳಲ್ಲೆಲ್ಲ ಎಂಟಿಯು (ಎಷ್ಟು ದಪ್ಪ ಪ್ಯಾಕೆಟ್ ಬಿಡಬಹುದು ಅನ್ನುವ ಮಿತಿ) ಏರಿಸಿದ್ದೆ, ಇದನ್ನು ಮರೆತಿದ್ದೆ. ಅದು ಯಾರಿಗೂ ಹೇಳದೆ ಸುಮ್ನೆ ದಪ್ಪ ಪ್ಯಾಕೆಟ್ ಬಿಸಾಕುತ್ತಿತ್ತು. ಒಂದೇ ಕಡೆ ತೊಂದರೆ ಆಗಿದ್ದಕ್ಕೂ ಕಾರಣ ಇತ್ತು. ಕೊನೆಯ ರೂಟರ್‌ಗಿಂತ ಒಂದು ಹೆಜ್ಜೆ ಮುಂಚೆಯೇ ಹೊರಗಿನ ಲೇಬಲ್ ಕಿತ್ತುಬಿಡುತ್ತಾರೆ, ಕೊನೆಯವನಿಗೆ ಎರಡು ಸಲ ಹುಡುಕುವ ಕೆಲಸ ತಪ್ಪಲಿ ಅಂತ. ಹಾಗಾಗಿ ಪೀಣ್ಯದಿಂದ ಬಂದ 1500 ಬೈಟಿನ ಪೂರ್ತಿ ಪ್ಯಾಕೆಟ್ ರಾಜಾಜಿನಗರ ದಾಟುವಾಗ ಗ್ರಾಹಕರ ಒಂದೇ ಲೇಬಲ್ ಉಳಿಸಿಕೊಂಡು 1504ರಲ್ಲಿ ನುಸುಳುತ್ತಿತ್ತು. ವೈಟ್‌ಫೀಲ್ಡ್‌ನಿಂದ ಹೊರಟದ್ದು ಅದೇ ಸ್ವಿಚ್‌ಗೆ ಎರಡು ಲೇಬಲ್ ಹೊತ್ತು 1508 ಆಗಿ ಬಂದು ಸಾಯುತ್ತಿತ್ತು. ಸ್ವಿಚ್‌ನಲ್ಲಿ ಒಂದು ಸಾಲು ಬದಲಾಯಿಸಿದೆ, ಮುಗಿಯಿತು. ಆಂಟಿವೈರಸ್ಸಿಗೆ ಬೈದಿದ್ದಕ್ಕೆ ಸಾರಿ ಕೇಳಿದೆ.

ನೀವೂ ಹಾಕುವವರಿದ್ದರೆ 1508 ಸಾಕು ಅಂತ ಲೆಕ್ಕ ಹಾಕಿ ಕೂರಬೇಡಿ. ಲೈನ್ ಕಡಿದಾಗ ಬಳಸುದಾರಿಯ ಟನಲ್ (ಮೊದಲೇ ಗೊತ್ತುಮಾಡಿಟ್ಟ ಲೇಬಲ್ ದಾರಿ) ಇನ್ನೊಂದು ಲೇಬಲ್ ಸೇರಿಸುತ್ತದೆ, 1512 ಆಗುತ್ತದೆ. ಎಲ್ಲ ದಿನ ಚೆನ್ನಾಗಿದ್ದು ಲೈನ್ ಕಡಿದ ದಿನ ಮಾತ್ರ ಫೈಲ್ ನಿಂತರೆ ಹುಡುಕಿ ಹುಡುಕಿ ಸಾಯಬೇಕು. ನಾನು ಎಲ್ಲ ಕಡೆ 1600ಕ್ಕೆ ಕಮ್ಮಿ ಇಲ್ಲದಂತೆ ಇಟ್ಟೆ.

ಎರಡನೇ ಪೆಟ್ಟು ಚಿಕ್ಕದು. ಕಡಿದ ಲೈನ್ ವಾಪಸ್ ಬಂದಾಗ ಕೆಲವು ಸೆಕೆಂಡ್ ವಿಪಿಎನ್ ಗ್ರಾಹಕರು (ತಮ್ಮ ಆಫೀಸುಗಳನ್ನು ನಮ್ಮ ಲೇಬಲ್ ಮೂಲಕ ಜೋಡಿಸಿಕೊಂಡವರು) ಮಾತ್ರ ಸತ್ತಂತಾಗುತ್ತಿದ್ದರು, ಮಾಮೂಲಿ ಇಂಟರ್ನೆಟ್ಟಿನವರಿಗೆ ಏನೂ ಇಲ್ಲ. ರೂಟರ್‌ಗಳಿಗೆ ದಾರಿ ತೋರಿಸುವ ಓಎಸ್‌ಪಿಎಫ್ ಮೊದಲು ಎದ್ದು "ದಾರಿ ರೆಡಿ, ಬನ್ನಿ" ಅಂತ ಕರೆಯುತ್ತಿತ್ತು. ಲೇಬಲ್ ಹಂಚುವ ಎಲ್‌ಡಿಪಿ ಇನ್ನೂ ಕಣ್ಣುಜ್ಜುತ್ತಿತ್ತು. ಲೇಬಲ್ ಇಲ್ಲದೆ ಐಪಿ ಪ್ಯಾಕೆಟ್ ಹೋದೀತು, ವಿಪಿಎನ್ ಪ್ಯಾಕೆಟ್ ಹೋಗಲಾರದು, ಒಳಗಿನ ಲೇಬಲ್ ನಡುವಿನ ರೂಟರ್‌ಗೆ ಅರ್ಥವೇ ಆಗುವುದಿಲ್ಲ. ಎಲ್‌ಡಿಪಿ ಏಳುವವರೆಗೆ ಆ ದಾರಿಯ ಕಾಸ್ಟ್ (ಕಮ್ಮಿ ಇದ್ದ ದಾರಿಯನ್ನೇ ಓಎಸ್‌ಪಿಎಫ್ ಆರಿಸುತ್ತದೆ) ಜಾಸ್ತಿ ತೋರಿಸು ಅನ್ನುವ ಸಿಂಕ್ ಆಯ್ಕೆ ಇದೆ. ಅದನ್ನು ಹಾಕಿದೆ.

ಇನ್ನು ಗುಣಮಟ್ಟದ ವಿಷಯ. ಲೇಬಲ್ ಹಚ್ಚಿದ ತಕ್ಷಣ ಕರೆಗಳು ಸ್ಪಷ್ಟವಾಗುತ್ತವೆ ಅಂತ ಮಾರಾಟದವರು ಹೇಳುತ್ತಾರೆ. ಸುಳ್ಳು. ಲೇಬಲ್ಲಿನ 3 ಬಿಟ್ ಬರೀ ಗುರುತು. ಆ ಗುರುತು ನೋಡಿ ಬೇರೆ ಕ್ಯೂ ಕೊಡಿ ಅಂತ ಪ್ರತಿ ರೂಟರ್‌ಗೂ ನೀವೇ ಹೇಳಬೇಕು. ಫೋನುಗಳು ತಮ್ಮ ಪ್ಯಾಕೆಟ್ಟಿಗೆ ಡಿಎಸ್‌ಸಿಪಿ (ಐಪಿ ಹೆಡರಿನಲ್ಲಿರುವ ದರ್ಜೆಯ ಗುರುತು) 46 ಅಂತ ಬರೆದಿರುತ್ತವೆ. ನಮ್ಮ ಅಂಚಿನ ರೂಟರ್ ಅದರ ಮೊದಲ ಮೂರು ಬಿಟ್ ಲೇಬಲ್ಲಿಗೆ ನಕಲು ಮಾಡಿದರೆ 5 ಬರುತ್ತದೆ. ನಡುವೆ 5 ಕಂಡರೆ ಮೊದಲು ಬಿಡು ಅಂತ ಇಟ್ಟೆ. ಜಿ.711 (ಧ್ವನಿಯನ್ನು ಡೇಟಾ ಮಾಡುವ ಒಂದು ವಿಧಾನ) ಕರೆ ಒಂದು ದಿಕ್ಕಿಗೆ ಐಪಿ ಲೆಕ್ಕದಲ್ಲಿ 80 ಕೆಬಿಪಿಎಸ್, 30 ಕರೆ ಒಟ್ಟಿಗೆ ನಡೆದರೂ 2.4 ಎಂಬಿಪಿಎಸ್, ಅಷ್ಟೇ. ಬೇಕಾಗಿರೋದು ದೊಡ್ಡ ಲೈನಲ್ಲ, ಸಾಲಿನಲ್ಲಿ ಕಾಯಿಸದೇ ಇರುವುದು. ಆದರೆ ಗ್ರಾಹಕರು ಬರೆದ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಒಬ್ಬರ ಸರ್ವರ್ ಬ್ಯಾಕಪ್‌ಗೂ 46 ಹಾಕಿಕೊಂಡಿತ್ತು! ಈಗ ಅಂಚಿನಲ್ಲೇ ಮಿತಿ ಹಾಕಿದ್ದೇನೆ, ಮೀರಿದ್ದನ್ನು ಮಾಮೂಲಿ ಸಾಲಿಗೆ ತಳ್ಳುತ್ತೇನೆ.

ಸಂಜೆ 8ರಿಂದ 11ರವರೆಗೆ ವೈಟ್‌ಫೀಲ್ಡ್ ಲೈನ್ ತುಂಬಿ ತುಳುಕುತ್ತಿತ್ತು, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಸುತ್ತಿ ಹೋಗುವ ದಾರಿ ಖಾಲಿ. ಓಎಸ್‌ಪಿಎಫ್‌ಗೆ ಹತ್ತಿರದ ದಾರಿ ಒಂದೇ ಗೊತ್ತು. ಕಾಸ್ಟ್ ಏರಿಸಿದರೆ ಎಲ್ಲವೂ ಆ ಕಡೆ ನುಗ್ಗುತ್ತಿತ್ತು, ಸಿಲ್ಕ್ ಬೋರ್ಡ್‌ನಲ್ಲಿ ಪೊಲೀಸರು ರಸ್ತೆ ತಿರುಗಿಸಿದ ಹಾಗೆ. ದಾರಿಯನ್ನು ನಾವೇ ಆರಿಸಿ ಕೊಡಬಹುದಾದ ಆರ್‌ಎಸ್‌ವಿಪಿ-ಟಿಇ ಟನಲ್ ಹಾಕಿ, ವಿಡಿಯೋದಂಥ ದಪ್ಪ ಟ್ರಾಫಿಕ್ಕಿಗೆ ಸುತ್ತು ದಾರಿ, ಕರೆಗಳಿಗೆ ಹತ್ತಿರದ ದಾರಿ ಕೊಟ್ಟೆ. ಇಲ್ಲಿ ನಾನೂ ಮೋಸ ಹೋದೆ: ಟನಲ್ಲಿಗೆ 500 ಎಂಬಿಪಿಎಸ್ ಕಾಯ್ದಿರಿಸಿದರೆ ಅಷ್ಟೇ ಹೋಗುತ್ತದೆ ಅಂದುಕೊಂಡಿದ್ದೆ. ಅದು ಬರೀ ಲೆಕ್ಕದ ಪುಸ್ತಕ. ಟನಲ್ಲಿನೊಳಗೆ 900 ಬಂದರೂ ಯಾರೂ ತಡೆಯುವುದಿಲ್ಲ.

ಲೈನ್ ಕಡಿದಾಗಿನ ಕತೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಜೆಸಿಬಿ ಬಂತು ಅಂದರೆ ಫೈಬರ್ ಹೋಯಿತು. ಫಾಸ್ಟ್ ರೀರೂಟ್ ಇದ್ದರೆ 50 ಮಿಲಿಸೆಕೆಂಡಿನಲ್ಲಿ ಬಳಸುದಾರಿ ಅನ್ನುತ್ತಾರೆ. ಅದು ರೂಟರ್‌ಗೆ ಕಡಿದದ್ದು ತಕ್ಷಣ ಗೊತ್ತಾದರೆ ಮಾತ್ರ. ನಮ್ಮ ಲೈನಿನ ನಡುವೆ ಆ ಪುಣ್ಯಾತ್ಮ ಸ್ವಿಚ್ ಇತ್ತಲ್ಲ, ಅದರ ಆಚೆ ಕಡಿದರೂ ನಮ್ಮ ಕಡೆ ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು. ಓಎಸ್‌ಪಿಎಫ್ ಬಿಟ್ಟ ಹಾಗೇ ಬಿಟ್ಟರೆ 10 ಸೆಕೆಂಡಿಗೊಂದು ಹಲೋ, 40 ಸೆಕೆಂಡ್ ಕಾದು ಸತ್ತ ಅನ್ನುತ್ತದೆ. 40 ಸೆಕೆಂಡ್ ಯಾರು ಫೋನ್ ಹಿಡಿದು ಕಾಯುತ್ತಾರೆ? ಲೈನ್ ಬದುಕಿದೆಯಾ ಅಂತ ಬೇಗ ಬೇಗ ವಿಚಾರಿಸುವ ಬಿಎಫ್‌ಡಿ ಹಾಕಿ 50 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಮೂರು ತಪ್ಪಿದರೆ ಸತ್ತ ಅಂತ ಇಟ್ಟೆ. ಕಂಡುಹಿಡಿಯುವುದಕ್ಕೇ 150 ಬೇಕು, ಹಾಗಾಗಿ ನಮ್ಮಲ್ಲಿ 50ರ ಮಾತಿಲ್ಲ. ಮುಂದೆ ಹಳೇ ಮದ್ರಾಸ್ ರಸ್ತೆಯಲ್ಲಿ ಫೈಬರ್ ಕಡಿದ ದಿನ ನಾನೂ ಒಂದು ಕರೆಯಲ್ಲಿದ್ದೆ. ಒಂದು ಪದ ನುಂಗಿದಂತಾಯಿತು, ಮಾತು ಮುಂದುವರಿಯಿತು.

ಪೀಣ್ಯಕ್ಕೆ ಮಾತ್ರ ಇದ್ಯಾವುದೂ ಉಪಯೋಗಕ್ಕೆ ಬಂದಿಲ್ಲ. ಒಂದೇ ಫೈಬರ್ ಇರುವ ಕಡೆ ಎಷ್ಟು ಲೇಬಲ್ ಹಚ್ಚಿದರೂ ಬಳಸುದಾರಿ ಎಲ್ಲಿಂದ ತರೋದು? ಜಾಲಹಳ್ಳಿ ಕಡೆಯಿಂದ ಎರಡನೇ ಫೈಬರ್ ಎಳೆಯಲು ಡಕ್ಟ್ (ಕೇಬಲ್ ಹಾಯಿಸುವ ನೆಲದಡಿಯ ಕೊಳವೆ) ಹುಡುಕಿಕೊಂಡು ಕಳೆದ ವಾರವಿಡೀ ಬಿಸಿಲಲ್ಲಿ ತಿರುಗಿದ್ದೇನೆ. ಇನ್ನೂ ಸಿಕ್ಕಿಲ್ಲ.