ಬಂಗಾಳಕೊಲ್ಲಿಯ ಗಾಳಿವೇಗ: ಉಪಗ್ರಹ ದತ್ತಾಂಶದಿಂದ ನಾನು ನಕ್ಷೆ ಮಾಡುವ ಬಗೆ

ಕೋಲಾರದ ಕಡೆ ರಾಗಿ ಕೊಯ್ಲಿನ ಹೊತ್ತಿಗೇ, ನವೆಂಬರ್‌ನಲ್ಲಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುತ್ತವೆ. ಕೊಯ್ದು ಹೊಲದಲ್ಲಿ ಬಿಟ್ಟ ತೆನೆ ನೆನೆದರೆ ಮೊಳೆಯುತ್ತದೆ. ಗಾಳಿಯ ನಕ್ಷೆಯಿಂದ ನಮ್ಮೂರಿನ ಮಳೆ ಎಷ್ಟೆಂದು ಹೇಳಲಾಗದು. ಸುಳಿಯ ಕೇಂದ್ರ ಎಲ್ಲಿದೆ, ಬಿಗಿಯಾಗುತ್ತಿದೆಯೇ ಎಂಬುದು ಮಾತ್ರ ಚೆನ್ನಾಗಿ ಕಾಣುತ್ತದೆ.

ನಾನು ಬಳಸುವುದು ಯುರೋಪಿನ ಮೆಟಾಪ್-ಬಿ, ಮೆಟಾಪ್-ಸಿ ಉಪಗ್ರಹಗಳ ಆಸ್ಕ್ಯಾಟ್ ಮತ್ತು 2022ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರ ಸ್ಕ್ಯಾಟರೋಮೀಟರ್. ಎರಡೂ ಸಮುದ್ರದತ್ತ ಮೈಕ್ರೋವೇವ್ ಕಳಿಸುವ ಒಂದು ಬಗೆಯ ರಾಡಾರ್‌ಗಳು. ಗಾಳಿ ಎಬ್ಬಿಸುವ ಪುಟ್ಟ ಅಲೆಗಳಿಂದ ಹಿಂದಿರುಗುವ ಮೈಕ್ರೋವೇವ್ ಶಕ್ತಿಯನ್ನು ಇವು ಅಳೆಯುತ್ತವೆ. ಅದರಿಂದ 10 ಮೀಟರ್ ಎತ್ತರದ ಗಾಳಿವೇಗವನ್ನು ಲೆಕ್ಕ ಹಾಕಲಾಗುತ್ತದೆ. ಆಸ್ಕ್ಯಾಟ್‌ನ ತರಂಗಾಂತರ ಸುಮಾರು 5.7 ಸೆಂ.ಮೀ., ಓಷನ್‌ಸ್ಯಾಟ್‌ನದು 2.2 ಸೆಂ.ಮೀ. ಗಿಡ್ಡ ತರಂಗವನ್ನು ಮಳೆಹನಿ ಹೆಚ್ಚು ಕೆಡಿಸುತ್ತದೆ: ಗಾಳಿ ಕಡಿಮೆ ಇರುವಲ್ಲಿ ವೇಗ ಹೆಚ್ಚಾಗಿ ಕಾಣುತ್ತದೆ, ಬಿರುಗಾಳಿಯಲ್ಲಿ ಕಡಿಮೆಯಾಗಿ. ಹಾಗಾಗಿ ಚಂಡಮಾರುತದ ಒಡಲಿನಲ್ಲಿ ನಾನು ಆಸ್ಕ್ಯಾಟನ್ನೇ ನಂಬುತ್ತೇನೆ. ಆದರೆ ಅದು ಒಮ್ಮೆಗೆ ನೋಡುವ, 550 ಕಿ.ಮೀ. ಅಗಲದ ಎರಡು ಪಟ್ಟಿಗಳ ನಡುವೆ ದೊಡ್ಡ ಖಾಲಿ ಜಾಗವಿದೆ. ಕೇಂದ್ರ ಅಲ್ಲಿ ಬಿದ್ದರೆ ಇನ್ನೊಂದು ಮೆಟಾಪ್ ಹಾದುಹೋಗುವವರೆಗೆ ಕಾಯಬೇಕು, ಇಲ್ಲವೇ ಓಷನ್‌ಸ್ಯಾಟ್ ನೋಡಬೇಕು.

ಉಪಗ್ರಹ ದತ್ತಾಂಶದ ಕಡತದಲ್ಲಿ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ಭಾರತದ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದನ್ನು ತೆರೆದ ಮೇಲೆ ಮೊದಲ ಕೆಲಸ ಗುಣಮಟ್ಟದ ಫ್ಲ್ಯಾಗ್ ಪರೀಕ್ಷೆ. ದತ್ತಾಂಶ ಪುಟ್ಟ ಚೌಕಗಳಾಗಿ, ಅಂದರೆ ಕೋಶಗಳಾಗಿ ಇರುತ್ತದೆ; ಪ್ರತಿ ಕೋಶದ ಅಳತೆಯ ಸ್ಥಿತಿ ಹೇಳುವ ಸಂಖ್ಯೆಯೇ ಫ್ಲ್ಯಾಗ್. ಬಹಳ ಜನ ಎಡವುವುದು ಇಲ್ಲೇ. ಫ್ಲ್ಯಾಗ್ ಸೊನ್ನೆ ಇರುವ ಕೋಶಗಳನ್ನಷ್ಟೇ ಉಳಿಸಿಕೊಂಡರೆ ಚಂಡಮಾರುತವೇ ಅಳಿಸಿಹೋಗಬಹುದು. ಏಕೆಂದರೆ ಸೆಕೆಂಡಿಗೆ 30 ಮೀಟರ್ ದಾಟಿದ ಗಾಳಿಗೂ 3 ಮೀಟರ್‌ಗಿಂತ ಕಡಿಮೆ ಇದ್ದದ್ದಕ್ಕೂ ಆ ಸಂಖ್ಯೆಯಲ್ಲಿ ಒಂದೊಂದು ಬಿಟ್ (0 ಅಥವಾ 1 ಆಗಿರುವ ಗುರುತು) ಇದೆ. ಅವು ದೋಷವಲ್ಲ, ಮಾಹಿತಿ ಮಾತ್ರ. ಕಡತದೊಳಗಿನ ವಿವರಣೆ ಓದಿ, ನೆಲ ಸೇರಿದ ಕೋಶ ಮತ್ತು ಗುಣಮಟ್ಟ ಪರೀಕ್ಷೆಯಲ್ಲಿ ಬಿದ್ದ ಕೋಶಗಳ ಬಿಟ್‌ಗಳನ್ನು ಮಾತ್ರ ಬಿಟ್‌ವೈಸ್ ಆಂಡ್ (ಬೇಕಾದ ಬಿಟ್‌ಗಳನ್ನಷ್ಟೇ ನೋಡುವ ಲೆಕ್ಕ) ಮೂಲಕ ಹಿಡಿದು ಆ ಕೋಶಗಳನ್ನು ತೆಗೆಯಿರಿ.

ಇನ್ನು ದಿಕ್ಕು. ಆಸ್ಕ್ಯಾಟ್ ಕಡತದಲ್ಲಿರುವುದು ಗಾಳಿ ಎತ್ತ ಹೋಗುತ್ತಿದೆ ಎಂಬುದು. ಹವಾಮಾನ ಇಲಾಖೆಯವರು ಹೇಳುವುದು ಎಲ್ಲಿಂದ ಬರುತ್ತಿದೆ ಎಂಬುದು. 180 ಡಿಗ್ರಿ ವ್ಯತ್ಯಾಸ. ಸರಾಸರಿ ಬೇಕಾದರೆ ದಿಕ್ಕಿನ ಡಿಗ್ರಿಗಳನ್ನು ಕೂಡಿ ಭಾಗಿಸಬೇಡಿ: 350 ಮತ್ತು 10ರ ಸರಾಸರಿ 180 ಬಂದು ಗಾಳಿ ತಿರುಗಿಬಿಡುತ್ತದೆ. ಪೂರ್ವ, ಉತ್ತರ ಘಟಕಗಳಾಗಿ ಒಡೆದು ಸರಾಸರಿ ತೆಗೆಯಿರಿ.

ನಕ್ಷೆಯಲ್ಲಿ ಸೆಕೆಂಡಿಗೆ 17.2 ಮೀಟರ್‌ನ ರೇಖೆ ಎಳೆಯುತ್ತೇನೆ, ಅಂದರೆ ಗಂಟೆಗೆ ಸುಮಾರು 62 ಕಿ.ಮೀ. ಚಂಡಮಾರುತ ಎಂದು ಹವಾಮಾನ ಇಲಾಖೆ ಕರೆಯುವುದು ಅಲ್ಲಿಂದ. ಉಪಗ್ರಹದ್ದು ಇಡೀ ಕೋಶದ ಸರಾಸರಿಯಾದ್ದರಿಂದ ಗರಿಷ್ಠ ವೇಗ ಅದಕ್ಕಿಂತ ಹೆಚ್ಚೇ ಇರುತ್ತದೆ. ಚೆನ್ನೈ, ನೆಲ್ಲೂರು ಕರಾವಳಿಗೆ ತೀರಾ ಹತ್ತಿರದ ಕೋಶಗಳಲ್ಲಿ ನೆಲದ ಪ್ರತಿಫಲನ ಬೆರೆತಿರುತ್ತದೆ. ಅಲ್ಲಿಂದ ಮುಂದೆ ಕರಾವಳಿಯ ಡಾಪ್ಲರ್ ರಾಡಾರ್ ನೋಡುವುದೇ ಸರಿ.